ಕೆಟ್ಟ ಕಾರಿನ ದಾನವೂ ಶರಣರ ದಾಸೋಹವೂ

ಕಾಯಕ ಮತ್ತು ದಾಸೋಹ ಶರಣಧರ್ಮದ ಎರಡು ಕಣ್ಣುಗಳು. ಬೆವರು ಸುರಿಸಿ ದುಡಿಯುವುದು ಕಾಯಕವಾದರೆ, ದುಡಿದುದನ್ನು ತನ್ನದೆಂಬ ಭಾವವಿಲ್ಲದೆ ಸಮಾಜಕ್ಕೆ ಸಮರ್ಪಿಸುವುದು ದಾಸೋಹ. ಹನ್ನೆರಡನೆಯ ಶತಮಾನದ ಬಸವಾದಿ ಶರಣರು ದಾನ ಎಂಬ ಪದಕ್ಕಿಂತ ದಾಸೋಹ ಎಂಬ ಪದವನ್ನು ಎತ್ತಿ ಹಿಡಿದುದಕ್ಕೆ ಕಾರಣವಿದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನಾಗಿ ನಿಲ್ಲುತ್ತಾನೆ. ಆದ್ದರಿಂದ ಏನನ್ನು ಕೊಟ್ಟೆ ಎಂಬುದಕ್ಕಿಂತ ಹೇಗೆ ಕೊಟ್ಟೆ, ಯಾವ ಅಳತೆಯಲ್ಲಿ ಕೊಟ್ಟೆ, ಕೊಟ್ಟ ಮೇಲೆ ಏನನ್ನು ಬಯಸಿದೆ ಎಂಬ ಪ್ರಶ್ನೆಗಳೇ ಅಲ್ಲಿ ಮುಖ್ಯವಾಗುತ್ತವೆ.

ಈ ಪ್ರಶ್ನೆಗಳನ್ನು ಇಂದಿನ ಒಂದು ಸಾಮಾನ್ಯ ಸಂಗತಿಗೆ ಅನ್ವಯಿಸಿ ನೋಡುವುದು ಉಚಿತ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳೂ ಸೇರಿದಂತೆ ಅಲ್ಲಿನ ಲಕ್ಷಾಂತರ ಜನರ ಮುಂದೆ ಒಂದಲ್ಲ ಒಂದು ದಿನ ಈ ಸನ್ನಿವೇಶ ಬರುತ್ತದೆ: ಅಪಘಾತದಲ್ಲಿ ನಜ್ಜುಗುಜ್ಜಾದ, ಅಥವಾ ಎಂಜಿನ್ ಕೆಟ್ಟು ನಿಂತ ಕಾರು ಮನೆಯ ಮುಂದಿದೆ. ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ. ಕೊಳ್ಳುವವರು ಸಿಗುವುದಿಲ್ಲ. ರೇಡಿಯೋದಲ್ಲಿ, ಹೆದ್ದಾರಿಯ ಫಲಕಗಳಲ್ಲಿ ಒಂದು ಜಾಹೀರಾತು ಕರೆಯುತ್ತದೆ: ನಿಮ್ಮ ಕಾರು ನಡೆಯಲಿ ನಡೆಯದಿರಲಿ, ಒಂದು ಫೋನ್ ಮಾಡಿ, ನಾವೇ ಬಂದು ಎಳೆದೊಯ್ಯುತ್ತೇವೆ, ನಿಮಗೆ ತೆರಿಗೆ ವಿನಾಯಿತಿಯೂ ಸಿಗುತ್ತದೆ. ಮನೆಯ ಮುಂದಿನ ಜಾಗ ತೆರವಾಗುತ್ತದೆ, ಪುಣ್ಯವೂ ಬರುತ್ತದೆ, ತೆರಿಗೆಯೂ ಇಳಿಯುತ್ತದೆ ಎಂದರೆ ಯಾರಿಗೆ ಬೇಡ? ಆದರೆ ಮೂರು ಲಾಭಗಳು ಒಟ್ಟಿಗೆ ಬಂದಲ್ಲಿ ಭಕ್ತನು ಒಂದು ಕ್ಷಣ ನಿಂತು ಯೋಚಿಸಬೇಕು. 'ಗಾಳಿಗೆ ಹಾರಿದ ಹಿಟ್ಟು ಕೃಷ್ಣಾರ್ಪಣ' ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಹೇಗೂ ಕೈತಪ್ಪಿ ಹೋಗುವುದನ್ನು ಅರ್ಪಣೆ ಎಂದು ಕರೆದು ಸಮಾಧಾನ ಪಡುವ ಮನಸ್ಸಿನ ಚಾಳಿಯನ್ನು ಅದು ಚೆನ್ನಾಗಿ ಬಲ್ಲದು.

ಮೊದಲಿಗೆ ಈ ದಾನ ನಡೆಯುವ ಬಗೆಯನ್ನು ತಿಳಿಯಬೇಕು. ದಾನಿ ಕೊಟ್ಟ ಕಾರು ಸಾಮಾನ್ಯವಾಗಿ ಯಾವ ಬಡವನ ಮನೆಗೂ ನೇರವಾಗಿ ಹೋಗುವುದಿಲ್ಲ. ಧರ್ಮಸಂಸ್ಥೆಯ ಪರವಾಗಿ ಒಬ್ಬ ಮಧ್ಯವರ್ತಿ ಕಾರನ್ನು ಎಳೆಸಿಕೊಂಡು ಹೋಗುತ್ತಾನೆ. ಅದು ಹರಾಜಿಗೆ ಹೋಗುತ್ತದೆ, ಇಲ್ಲವೇ ಬಿಡಿಭಾಗಗಳಿಗಾಗಿ ಗುಜರಿಯವರ ಪಾಲಾಗುತ್ತದೆ. ಬಂದ ಹಣದಲ್ಲಿ ಎಳೆದ ಖರ್ಚು, ಹರಾಜಿನ ಖರ್ಚು, ಮಧ್ಯವರ್ತಿಯ ಪಾಲು, ಜಾಹೀರಾತಿನ ವೆಚ್ಚ ಕಳೆದು ಉಳಿದದ್ದು ಧರ್ಮಸಂಸ್ಥೆಗೆ ಸೇರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕೊಟ್ಟವನು ಊಹಿಸಿಕೊಂಡ ದಾನಕ್ಕೂ ಪಡೆದವರ ಕೈಗೆ ಮುಟ್ಟಿದ ದಾನಕ್ಕೂ ಇರುವ ಅಂತರ ಇಲ್ಲಿಯೇ ಹುಟ್ಟುತ್ತದೆ.

ಈ ಅಂತರ ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಅಮೆರಿಕದ ಸಂಸತ್ತಿಗಾಗಿ ಕೆಲಸ ಮಾಡುವ ಜನರಲ್ ಅಕೌಂಟಿಂಗ್ ಆಫೀಸ್ ಎಂಬ ಲೆಕ್ಕ ತಪಾಸಣಾ ಸಂಸ್ಥೆ 2003ರ ನವೆಂಬರಿನ ವರದಿಯಲ್ಲಿ ಬಯಲಿಗಿಟ್ಟಿತು. 2000ನೆಯ ತೆರಿಗೆ ವರ್ಷದಲ್ಲಿ ಸುಮಾರು 7,33,000 ಜನ ವಾಹನ ದಾನದ ಹೆಸರಿನಲ್ಲಿ ಒಟ್ಟು ಸುಮಾರು 250 ಕೋಟಿ ಡಾಲರ್ ಮೌಲ್ಯ ತೋರಿಸಿ, ಸುಮಾರು 65 ಕೋಟಿ ಡಾಲರ್ ತೆರಿಗೆಯನ್ನು ಇಳಿಸಿಕೊಂಡಿದ್ದರು. ತಪಾಸಣೆಗೆ ಆರಿಸಿಕೊಂಡ 54 ದಾನಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟರಲ್ಲಿ, ದಾನಿ ಹೇಳಿಕೊಂಡ ಬೆಲೆಯ ಶೇ. 5 ಅಥವಾ ಅದಕ್ಕೂ ಕಡಿಮೆ ಹಣ ಮಾತ್ರ ಧರ್ಮಸಂಸ್ಥೆಗೆ ಮುಟ್ಟಿತ್ತು. ಅಂದರೆ ನೂರು ಕೊಟ್ಟೆ ಎಂದು ಬರೆದುಕೊಂಡಲ್ಲಿ ಐದೂ ತಲುಪಿರಲಿಲ್ಲ. ಇದಕ್ಕೆ ಖರ್ಚುಗಳು ಒಂದು ಕಾರಣ. ಸುಸ್ಥಿತಿಯಲ್ಲಿರುವ ಕಾರಿನ ಬೆಲೆಪಟ್ಟಿಯನ್ನು ತೆರೆದು ಅಲ್ಲಿದ್ದ ಬೆಲೆಯನ್ನೇ ತನ್ನ ಮುರಿದ ಕಾರಿಗೂ ಹಚ್ಚಿಕೊಂಡ ದಾನಿಗಳ ಜಾಣತನವೂ ಇನ್ನೊಂದು ಕಾರಣ. ಬಾಗಿಲು ಒಡೆದಿದೆ, ಎಂಜಿನ್ ಸುಟ್ಟಿದೆ ಎಂಬುದು ಬೆಲೆಪಟ್ಟಿಗೆ ಗೊತ್ತಿಲ್ಲ, ಒಡೆಯನಿಗೆ ಗೊತ್ತು.

ಈ ಅವ್ಯವಹಾರವನ್ನು ತಡೆಯಲು 2004ರ ಅಕ್ಟೋಬರಿನಲ್ಲಿ ಹೊಸ ಕಾಯ್ದೆ ಬಂದು, 2005ರ ಆರಂಭದಿಂದ ಜಾರಿಗೆ ಬಂತು. ಧರ್ಮಸಂಸ್ಥೆ ಕಾರನ್ನು ಬಳಸದೆ ಮಾರಿಬಿಟ್ಟರೆ, ದಾನಿ ಹೇಳಿಕೊಳ್ಳಬಹುದಾದ ಮೊತ್ತ ಮಾರಾಟದಿಂದ ಬಂದ ಹಣವನ್ನು ಮೀರುವಂತಿಲ್ಲ. 500 ಡಾಲರಿಗಿಂತ ಹೆಚ್ಚು ಹೇಳಿಕೊಳ್ಳುವವನು ಸಂಸ್ಥೆ ಕೊಡುವ 1098-ಸಿ ಎಂಬ ನಮೂನೆಯನ್ನು ತೆರಿಗೆ ಪತ್ರದೊಡನೆ ಲಗತ್ತಿಸಬೇಕು. ಕಾರು 500 ಡಾಲರಿಗಿಂತ ಹೆಚ್ಚಿಗೆ ಮಾರಾಟವಾಗದಿದ್ದರೆ 500 ಡಾಲರ್ ಅಥವಾ ಕಾರಿನ ನಿಜವಾದ ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಕಡಿಮೆಯಾದುದನ್ನು ಹೇಳಿಕೊಳ್ಳಬಹುದು. ಸಂಸ್ಥೆಯೇ ಕಾರನ್ನು ತನ್ನ ಸೇವಾಕಾರ್ಯಕ್ಕೆ ಗಣನೀಯವಾಗಿ ಬಳಸಿದರೆ, ದೊಡ್ಡ ರಿಪೇರಿ ಮಾಡಿಸಿದರೆ, ಅಥವಾ ಬಡವನಿಗೆ ತೀರ ಕಡಿಮೆ ಬೆಲೆಗೆ ಇಲ್ಲವೇ ಉಚಿತವಾಗಿ ಕೊಟ್ಟರೆ ಮಾತ್ರ ಪೂರ್ಣ ಮಾರುಕಟ್ಟೆ ಬೆಲೆಯನ್ನು ಹೇಳಿಕೊಳ್ಳಲು ಅವಕಾಶವಿದೆ. ಆಗಲೂ ಅದು ಆ ಕಾರು ಇದ್ದ ಸ್ಥಿತಿಯಲ್ಲಿನ ಬೆಲೆಯಾಗಿರಬೇಕು. ಒಂದು ಉದಾಹರಣೆ ಹೇಳುವುದಾದರೆ, ಸುಸ್ಥಿತಿಯಲ್ಲಿದ್ದರೆ 4,000 ಡಾಲರ್ ಬಾಳುವ ಕಾರು ಅಪಘಾತದ ನಂತರ ಹರಾಜಿನಲ್ಲಿ 700ಕ್ಕೆ ಹೋದರೆ ದಾನಿ ಕೊಟ್ಟದ್ದು 700 ಮಾತ್ರ, 4,000 ಅಲ್ಲ.

ರಾಜ್ಯದ ಕಾಯ್ದೆ ಇಪ್ಪತ್ತೊಂದನೆಯ ಶತಮಾನದಲ್ಲಿ ದಂಡದ ಭಯ ತೋರಿಸಿ ಕಲಿಸಿದ ಈ ಪಾಠವನ್ನು ಒಬ್ಬ ಶರಣೆ ಹನ್ನೆರಡನೆಯ ಶತಮಾನದಲ್ಲಿಯೇ ತನ್ನ ಗುಡಿಸಲಿನ ಬಾಗಿಲಲ್ಲಿ ನಿಂತು ಕಲಿಸಿದ್ದಳು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ಭಕ್ತರೆಲ್ಲರಿಗೂ ಪರಿಚಿತವಾದುದೇ. ಕಲ್ಯಾಣದಲ್ಲಿ ಅಂಗಳದಲ್ಲಿ ಚೆಲ್ಲಿಬಿದ್ದ ಅಕ್ಕಿಯನ್ನು ಆಯ್ದು ತಂದು, ಅದನ್ನೇ ಅಟ್ಟು ಜಂಗಮರಿಗೆ ಉಣಬಡಿಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಳಗೆ ತರಗೊಡಲಿಲ್ಲ. ಅಂದಂದಿನ ಅಗತ್ಯಕ್ಕಿಂತ ಹೆಚ್ಚಾದುದು ಆಸೆಯ ಫಲವೇ ಹೊರತು ಕಾಯಕದ ಫಲವಲ್ಲ, ತಂದ ಜಾಗದಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು.

ಈ ಕಥೆಯಲ್ಲಿ ಎರಡು ಸತ್ಯಗಳಿವೆ, ಎರಡೂ ಕೆಟ್ಟ ಕಾರಿನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದವು. ಮೊದಲನೆಯದು, ಮಾರಯ್ಯನವರು ತರುತ್ತಿದ್ದುದು ನೆಲಕ್ಕೆ ಬಿದ್ದ ಅಕ್ಕಿ, ಪರರಿಗೆ ಬೇಡವಾದ ಅಕ್ಕಿ. ಆದರೂ ಅದು ಪ್ರಸಾದವಾಯಿತು. ಬೇಡವಾದ ವಸ್ತು ಎಂಬ ಒಂದೇ ಕಾರಣಕ್ಕೆ ಅರ್ಪಣೆ ಹೀನವಾಗುವುದಿಲ್ಲ. ಆಯುವ ಶ್ರಮ, ಕಲ್ಲು ಮಣ್ಣು ಬೇರ್ಪಡಿಸುವ ಪ್ರಾಮಾಣಿಕತೆ ಇದ್ದರೆ ಬಿದ್ದುದೂ ಮೇಲೇಳುತ್ತದೆ. ಎರಡನೆಯದು, ಬಿದ್ದ ಅಕ್ಕಿಯಲ್ಲಿಯೂ ಅಳತೆ ಮೀರಬಾರದು. ಯಾರೂ ಕೇಳದ, ಯಾರೂ ಲೆಕ್ಕವಿಡದ ಕಾಳುಗಳ ವಿಷಯದಲ್ಲಿಯೂ ಲಕ್ಕಮ್ಮನವರು ಲೆಕ್ಕವಿಟ್ಟರು. ಕೆಟ್ಟ ಕಾರನ್ನು ಕೊಡುವುದು ತಪ್ಪಲ್ಲ. ಅದಕ್ಕೆ ಇಲ್ಲದ ಬೆಲೆಯನ್ನು ಹೊರಿಸಿ ತನ್ನ ಮಡಿಲಿಗೆ ಹೆಚ್ಚು ಸುರಿದುಕೊಳ್ಳುವುದು ತಪ್ಪು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕಠೋಪನಿಷತ್ತಿನಲ್ಲಿ ನಚಿಕೇತನ ತಂದೆ ಯಜ್ಞದ ದಕ್ಷಿಣೆಯಾಗಿ ಹಾಲು ಬತ್ತಿದ ಮುದಿ ಹಸುಗಳನ್ನು ಕೊಡುತ್ತಾನೆ. ಅದನ್ನು ಕಂಡು ಬಾಲಕ ನಚಿಕೇತನ ಮನಸ್ಸು ಕಲಕುತ್ತದೆ. ಗೊಡ್ಡು ಹಸುವನ್ನು ಕೊಟ್ಟವನಿಗೂ ಮುರಿದ ಕಾರನ್ನು ಕೊಟ್ಟವನಿಗೂ ವ್ಯತ್ಯಾಸವೇನು? ವ್ಯತ್ಯಾಸವಿದೆ, ಆದರೆ ಅದು ತಾನಾಗಿಯೇ ಬರುವುದಿಲ್ಲ. ಗೊಡ್ಡು ಹಸು ಪಡೆದವನಿಗೆ ಭಾರವಾಗುತ್ತದೆ, ಮೇವು ಹಾಕುವ ಹೊಣೆ ಅವನ ಮೇಲೆ ಬೀಳುತ್ತದೆ. ಕೆಟ್ಟ ಕಾರಿನ ಕಬ್ಬಿಣ, ಟೈರು, ಬಿಡಿಭಾಗಗಳಿಗೆ ಬೆಲೆಯಿದ್ದು, ಎಳೆದೊಯ್ಯುವ ಖರ್ಚು ಕಳೆದೂ ಸಂಸ್ಥೆಗೆ ಏನಾದರೂ ಉಳಿಯುವುದಾದರೆ ಅದು ಭಾರವಲ್ಲ. ಉಳಿಯದಿದ್ದರೆ ಅದು ಗೊಡ್ಡು ಹಸುವೇ ಸರಿ. ಆದ್ದರಿಂದ ಕೊಡುವ ಮೊದಲೇ ಸಂಸ್ಥೆಗೆ ಕಾರಿನ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ಇಂತಹುದು ನಿಮಗೆ ಉಪಯೋಗವೇ ಎಂದು ಕೇಳುವುದು ದಾಸೋಹದ ಮೊದಲ ಮೆಟ್ಟಿಲು. 'ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು' ಎಂಬ ಗಾದೆ ಪಡೆಯುವವನಿಗೆ ಹೇಳಿದ್ದು, ಕೊಡುವವನಿಗಲ್ಲ. ಕೊಡುವವನು ಹಲ್ಲು ಎಣಿಸಿಯೇ ಕೊಡಬೇಕು.

ಹಲ್ಲು ಎಣಿಸದೆ ಕೊಟ್ಟರೆ ಆಗುವ ಅನಾಹುತ ಹಣದ್ದು ಮಾತ್ರವಲ್ಲ. ಹರಾಜಿನಲ್ಲಿ ಮಾರಾಟವಾದ ಕಾರು ಕೆಲವೊಮ್ಮೆ ಮೇಲ್ಮೈ ರಿಪೇರಿಯೊಂದಿಗೆ ಮತ್ತೆ ರಸ್ತೆಗೆ ಇಳಿಯುತ್ತದೆ. ಅದನ್ನು ಕೊಳ್ಳುವವನು ಅಗ್ಗದ ಕಾರನ್ನು ಹುಡುಕುವ ಬಡವನೇ ಆಗಿರುತ್ತಾನೆ. ಹೊರಗೆ ಬಣ್ಣ ಹೊಳೆಯುತ್ತಿದ್ದು ಒಳಗೆ ಚೌಕಟ್ಟು ಬಾಗಿದ್ದರೆ, ಒಮ್ಮೆ ಉಬ್ಬಿದ ಏರ್‌ಬ್ಯಾಗನ್ನು ಮತ್ತೆ ಹಾಕಿಸದಿದ್ದರೆ, ಆ ಕಾರು ಅವನ ಮಕ್ಕಳ ಪ್ರಾಣಕ್ಕೇ ಸಂಚಕಾರ. 2005ರ ಕತ್ರೀನಾ, 2017ರ ಹಾರ್ವಿ ಚಂಡಮಾರುತಗಳ ನಂತರ ನೆರೆಯಲ್ಲಿ ಮುಳುಗಿದ ಕಾರುಗಳನ್ನು ತೊಳೆದು ಒಣಗಿಸಿ ದೂರದ ರಾಜ್ಯಗಳಲ್ಲಿ ಮಾರುವ ವಂಚನೆಯ ಬಗ್ಗೆ ಅಲ್ಲಿನ ಅಧಿಕಾರಿಗಳು ಜನರನ್ನು ಎಚ್ಚರಿಸಬೇಕಾಯಿತು. ನೀರು ಕುಡಿದ ವಿದ್ಯುತ್ ತಂತಿಗಳು ತಿಂಗಳುಗಳ ನಂತರ ಕೈಕೊಡುತ್ತವೆ. ಇದನ್ನು ತಡೆಯಲೆಂದೇ ವಿಮಾ ಸಂಸ್ಥೆ ಪೂರ್ಣ ನಷ್ಟವೆಂದು ಘೋಷಿಸಿದ ಕಾರಿನ ಒಡೆತನದ ಪತ್ರದ ಮೇಲೆ ಅಲ್ಲಿನ ರಾಜ್ಯಗಳು ಸಾಲ್ವೇಜ್ ಎಂಬಂತಹ ಗುರುತು ಹಾಕುತ್ತವೆ. ಆದರೆ ವಿಮೆಗೆ ತಿಳಿಸದೆ ಬಿಟ್ಟ ಅಪಘಾತಕ್ಕೆ ಅಂತಹ ಗುರುತು ಬೀಳುವ ಸಂಭವ ಕಡಿಮೆ. ಅಲ್ಲಿ ಉಳಿಯುವ ಗುರುತು ಒಡೆಯನ ಅಂತಃಸಾಕ್ಷಿ ಒಂದೇ. ಅವನು ಬಾಯಿ ಬಿಟ್ಟು ಹೇಳದ ದೋಷ ಇನ್ನೊಬ್ಬರ ಮನೆಗೆ ಅಪಾಯವಾಗಿ ಹೋಗುತ್ತದೆ. ಶರಣರು ಅಂತರಂಗಶುದ್ಧಿಯ ಜೊತೆಗೆ ಬಹಿರಂಗಶುದ್ಧಿಯನ್ನೂ ಹೇಳಿದ್ದು ಇಂತಹ ಸಂದರ್ಭಕ್ಕಾಗಿಯೇ.

ಸತ್ಪಾತ್ರಕ್ಕೆ ಕೊಡಬೇಕೆಂಬುದೂ ಶರಣರ ನಿಲುವೇ. ಅಮೆರಿಕದಲ್ಲಿ ಕಾರು ಬೇಡುವ ಸಂಸ್ಥೆಗಳೆಲ್ಲ ಒಂದೇ ಬಗೆಯವಲ್ಲ. ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿಯಂತಹ ಸಂಸ್ಥೆ ಕಾರು ಮಾರಿ ಬಂದ ಹಣದಲ್ಲಿ ಬಡವರ ಮನೆ ಕಟ್ಟುವ ಕಾರ್ಯಕ್ಕೆ ನೆರವಾಗುತ್ತದೆ. ಸಾರ್ವಜನಿಕ ರೇಡಿಯೋ ಕೇಂದ್ರಗಳೂ ಇದೇ ರೀತಿ ಕಾರುಗಳನ್ನು ಸ್ವೀಕರಿಸುತ್ತವೆ. ಬೇರೆ ಬಗೆಯವೂ ಇವೆ. ಮಿನ್ನೆಸೋಟ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಜಾಹೀರಾತಿನಿಂದ ಮನೆಮಾತಾದ ಇಂತಹ ಒಂದು ಸಂಸ್ಥೆಯ ಲೆಕ್ಕವನ್ನು ಪರಿಶೀಲಿಸಿ 2017ರಲ್ಲಿ ವರದಿ ಕೊಟ್ಟಿತು. ಮಕ್ಕಳ ಹೆಸರಿನಲ್ಲಿ ಆ ರಾಜ್ಯದ ಜನರಿಂದ ಎತ್ತಿದ ದಾನದಲ್ಲಿ ಶೇ. 1ಕ್ಕಿಂತ ಕಡಿಮೆ ಭಾಗ ಮಾತ್ರ ಆ ರಾಜ್ಯದ ಮಕ್ಕಳಿಗೆ ತಲುಪಿದೆ ಎಂಬುದು ಅದರ ಸಾರ. ಕೊಟ್ಟವರು ಜಾಹೀರಾತಿನ ರಾಗವನ್ನು ಕೇಳಿದ್ದರು, ಲೆಕ್ಕವನ್ನು ಕೇಳಿರಲಿಲ್ಲ. ಸಂಸ್ಥೆಯ ಹೆಸರು ತೆರಿಗೆ ಇಲಾಖೆಯ ಪಟ್ಟಿಯಲ್ಲಿದೆಯೇ, ಅದರ ವಾರ್ಷಿಕ 990 ನಮೂನೆ ಏನು ಹೇಳುತ್ತದೆ, ಕಾರು ಮಾರಿದ ಪ್ರತಿ ನೂರು ಡಾಲರಿನಲ್ಲಿ ಸೇವೆಗೆ ಉಳಿಯುವುದು ಎಷ್ಟು ಎಂದು ಕೇಳುವುದು ಅವಿಶ್ವಾಸವಲ್ಲ. ಜಂಗಮಸೇವೆಗೆ ಹೊರಟವನು ದಾರಿಯನ್ನು ಕೇಳಿಕೊಂಡು ಹೋಗುವಷ್ಟೇ ಸಹಜವಾದ ಎಚ್ಚರ ಅದು.

ಮಧ್ಯವರ್ತಿಯ ಪಾಲೇ ಹೆಚ್ಚೆನಿಸಿದರೆ ಇನ್ನೊಂದು ಸರಳ ದಾರಿಯಿದೆ. ದಾನಿಯೇ ಒಂದು ದಿನ ಶ್ರಮಪಟ್ಟು, ಎರಡು ಮೂರು ಗುಜರಿಯವರನ್ನು ವಿಚಾರಿಸಿ, ಕಾರನ್ನು ತಾನೇ ಮಾರಿ, ಬಂದ ಹಣವನ್ನು ಇಡಿಯಾಗಿ ಸಂಸ್ಥೆಗೆ ಒಪ್ಪಿಸಬಹುದು. ಆಗ ಎಳೆತದ ಖರ್ಚು, ಹರಾಜಿನ ಖರ್ಚು ಸೇವೆಯ ಹಣವನ್ನು ತಿನ್ನುವುದಿಲ್ಲ. ಅಲ್ಲಿನ ತೆರಿಗೆ ನಿಯಮವೂ ಈಗ ಈ ದಾರಿಯತ್ತಲೇ ವಾಲಿದೆ. 2017ರ ಕೊನೆಯಲ್ಲಿ ಬಂದ ಕಾಯ್ದೆ ಎಲ್ಲರಿಗೂ ಸಿಗುವ ಸಾಮಾನ್ಯ ಕಡಿತವನ್ನು ದಂಪತಿಗಳಿಗೆ 12,700 ಡಾಲರಿನಿಂದ 24,000 ಡಾಲರಿಗೆ ಏರಿಸಿದ ಮೇಲೆ, ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ದಾನಗಳನ್ನು ಬಿಡಿಬಿಡಿಯಾಗಿ ತೋರಿಸುವುದಿಲ್ಲ. ಅಂಥವರಿಗೆ ಕಾರಿನ ದಾನದಿಂದ ಕೇಂದ್ರದ ತೆರಿಗೆಯಲ್ಲಿ ಒಂದು ಡಾಲರೂ ಇಳಿಯುವುದಿಲ್ಲ. 2025ರ ಕಾಯ್ದೆ 2026ರಿಂದ ಅಂಥವರಿಗೂ ಒಬ್ಬರಿಗೆ 1,000, ದಂಪತಿಗಳಿಗೆ 2,000 ಡಾಲರಿನವರೆಗೆ ವಿನಾಯಿತಿ ಕೊಟ್ಟಿದೆಯಾದರೂ ಅದು ನಗದು ದಾನಕ್ಕೆ ಮಾತ್ರ, ವಸ್ತುವಿಗಲ್ಲ.

ಈ ಬದಲಾವಣೆಯನ್ನು ನಷ್ಟವೆಂದು ನೋಡಬೇಕಿಲ್ಲ. ತೆರಿಗೆಯ ಆಸೆ ಕಳಚಿದ ಮೇಲೆಯೂ ಕೊಡಬೇಕೆಂಬ ಮನಸ್ಸು ಉಳಿದರೆ ಅದೇ ದಾಸೋಹ. ಆಸೆಯೊಂದಿಗೆ ಮನಸ್ಸೂ ಕಳಚಿಬಿದ್ದರೆ ಮೊದಲಿಂದಲೂ ಅಲ್ಲಿದ್ದುದು ವ್ಯಾಪಾರ. ವ್ಯಾಪಾರ ಪಾಪವಲ್ಲ, ಕಾಯಕಗಳಲ್ಲಿ ಅದೂ ಒಂದು. ಆದರೆ ವ್ಯಾಪಾರವನ್ನು ದಾಸೋಹವೆಂದು ಕರೆದುಕೊಳ್ಳುವುದು ಆತ್ಮವಂಚನೆ.

ಇನ್ನು ಕೊಡುವ ವಿಧಿಯ ಮಾತು. ಒಡೆತನದ ಪತ್ರಕ್ಕೆ ಸರಿಯಾಗಿ ಸಹಿ ಹಾಕಿ ಸಂಸ್ಥೆಯ ಹೆಸರಿಗೇ ವರ್ಗಾಯಿಸಬೇಕು; ಹೆಸರಿನ ಜಾಗವನ್ನು ಖಾಲಿ ಬಿಟ್ಟು ಕೊಡಬಾರದು. ಕಾರಿನ ಮೇಲೆ ಸಾಲ ಉಳಿದಿದ್ದರೆ ಮೊದಲು ತೀರಿಸಬೇಕು. ರಾಜ್ಯದ ವಾಹನ ಇಲಾಖೆಗೆ ವರ್ಗಾವಣೆಯ ಸೂಚನೆ ಕೊಡಬೇಕು; ಇಲ್ಲವಾದರೆ ಮುಂದೆ ಆ ಕಾರಿನ ದಂಡದ ಚೀಟಿಗಳು ಹಳೆಯ ಒಡೆಯನ ವಿಳಾಸವನ್ನೇ ಹುಡುಕಿಕೊಂಡು ಬರುತ್ತವೆ. ನಂಬರ್ ಫಲಕವನ್ನು ಬಿಚ್ಚಿಕೊಳ್ಳಬೇಕೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ವಿಚಾರಿಸಿ ಮಾಡಬೇಕು. ಒಡೆತನ ಬದಲಾದುದು ಖಚಿತವಾದ ಮೇಲೆಯೇ ವಿಮೆಯನ್ನು ನಿಲ್ಲಿಸಬೇಕು.

ಕರ್ನಾಟಕದ ಭಕ್ತರಿಗೂ ಇದರಲ್ಲಿ ಕಲಿಯುವುದಿದೆ. ಇಲ್ಲಿ ಹಳೆಯ ಜೀಪು, ಕಾರುಗಳನ್ನು ಶಾಲೆಗೋ ಆಶ್ರಮಕ್ಕೋ ಪರಿಚಿತ ಚಾಲಕನಿಗೋ ಬಾಯಿಮಾತಿನಲ್ಲಿ ಕೊಟ್ಟುಬಿಡುವ ರೂಢಿಯಿದೆ. ಕೀಲಿಕೈ ಕೊಟ್ಟಾಯಿತು, ಆರ್.ಸಿ. ಪುಸ್ತಕದಲ್ಲಿ ಹೆಸರು ಮಾತ್ರ ಹಾಗೆಯೇ ಉಳಿಯಿತು. ಹೆಸರು ಬದಲಾಯಿಸದ ವಾಹನದಿಂದ ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಒಡೆಯನದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ 29 ಮತ್ತು 30ನೆಯ ನಮೂನೆಗಳನ್ನು ತುಂಬಿ ಆರ್.ಟಿ.ಓ. ಕಚೇರಿಯಲ್ಲಿ ಹೆಸರು ಬದಲಾಯಿಸದ ದಾನ ಅರ್ಧ ದಾನವೇ. ರಸ್ತೆಗೆ ಯೋಗ್ಯವಲ್ಲದ ವಾಹನವಾದರೆ 2021ರ ನಿಯಮಗಳಂತೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಬಂದ ಹಣವನ್ನು ಕೊಡುವುದು ಲೇಸು. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ವಿಧಿ ವಸ್ತುರೂಪದ ದಾನಕ್ಕೆ ಎಂದೂ ವಿನಾಯಿತಿ ಕೊಡಲಿಲ್ಲ. ಅಲ್ಲಿ ಕಾರನ್ನು ಕೊಟ್ಟ ಭಕ್ತನಿಗೆ ಸಿಕ್ಕ ಫಲ ಕೊಟ್ಟ ತೃಪ್ತಿಯೊಂದೇ.

ಒಟ್ಟಿನಲ್ಲಿ, ಮುರಿದ ಕಾರು ಮುರಿದ ಕಾರೇ. ಅದನ್ನು ಚಿನ್ನದ ರಥವೆಂದು ಬರೆದುಕೊಳ್ಳಬೇಕಿಲ್ಲ. ನಿರುಪಯೋಗಿ ಎಂದು ನಾಚಿ ಮನೆಯ ಮುಂದೆ ತುಕ್ಕು ಹಿಡಿಯಲು ಬಿಡಬೇಕಾಗಿಯೂ ಇಲ್ಲ. ಅದರಿಂದ ಮುನ್ನೂರು ಡಾಲರ್ ಬಂದರೆ ಮುನ್ನೂರು ಡಾಲರಿನಷ್ಟು ಹಸಿವು ನೀಗುತ್ತದೆ. ಇರುವ ದೋಷವನ್ನು ಹೇಳಿ, ಬಾಳುವ ಬೆಲೆಯನ್ನೇ ಬರೆದು, ತಲುಪುವ ಕೈಯನ್ನು ವಿಚಾರಿಸಿ, ಕಾಗದಪತ್ರಗಳನ್ನು ಶುದ್ಧವಾಗಿಟ್ಟು, ಕೊಟ್ಟ ಮೇಲೆ ಕೊಟ್ಟೆನೆಂಬುದನ್ನು ಮರೆತರೆ ಆ ಚಿಕ್ಕ ಮೊತ್ತವೂ ದಾಸೋಹದ ಪಂಕ್ತಿಯಲ್ಲಿ ಕೂರಲು ಅರ್ಹವಾಗುತ್ತದೆ. ಅಂಗಳದಲ್ಲಿ ಬಿದ್ದ ಅಕ್ಕಿಗೆ ಸಂದ ಗೌರವ ಅದಕ್ಕೂ ಸಲ್ಲುತ್ತದೆ. ಹೆಚ್ಚು ತಂದವನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ ಲಕ್ಕಮ್ಮ ತಾಯಿಯ ಎಚ್ಚರ ಪ್ರತಿಯೊಬ್ಬ ಭಕ್ತನ ಮನೆಯ ಬಾಗಿಲಲ್ಲಿ ಇರಲಿ.